ಕಲಿಸುವ ಯಂತ್ರವೂ ಕಲಿಯುವ ಮನಸ್ಸೂ

ಗಣಕಯಂತ್ರವು ಮನೆಮನೆಗೂ, ಅದರ ಕಿರಿಯ ರೂಪವಾದ ಮೊಬೈಲು ಕೈಕೈಗೂ ಬಂದಿರುವ ಈ ಕಾಲದಲ್ಲಿ ಪೋಷಕರು ನಮ್ಮಲ್ಲಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಯಂತ್ರವೇ ಪಾಠ ಹೇಳುವುದಾದರೆ, ಲೆಕ್ಕವನ್ನು ಬಿಡಿಸಿ ಕೊಡುವುದಾದರೆ, ಮಗುವು ತಾನಾಗಿ ಕಷ್ಟಪಟ್ಟು ಕಲಿಯಬೇಕಾದ ಅಗತ್ಯವೇನು ಎಂಬುದು ಮೊದಲನೆಯದು. ಆ ಯಂತ್ರಕ್ಕೆ ಚೆನ್ನಾಗಿ ಬರುವ ಭಾಷೆ ಇಂಗ್ಲಿಷಾಗಿರುವಾಗ ಕನ್ನಡ ಮಾಧ್ಯಮದಲ್ಲಿ ಓದಿ ಫಲವೇನು ಎಂಬುದು ಎರಡನೆಯದು. ಕಾಸರಗೋಡಿನಂಥ ಗಡಿನಾಡಿನಲ್ಲಿ ಎರಡನೆಯ ಪ್ರಶ್ನೆಯು ಹೆಚ್ಚು ತೀಕ್ಷ್ಣವಾದುದು. ಇಲ್ಲಿ ನಾಲ್ಕು ಮಕ್ಕಳು ಕನ್ನಡ ಶಾಲೆಯನ್ನು ಬಿಟ್ಟರೆ ಒಂದು ವಿಭಾಗವೇ ಇಲ್ಲವಾಗುವ ಭಯವಿದೆ. ಹೀಗಿರಲು ಈ ಪ್ರಶ್ನೆಗಳಿಗೆ ಅಭಿಮಾನದ ಮಾತುಗಳಿಂದ ಉತ್ತರ ಕೊಟ್ಟರೆ ಸಾಲದು. ಮನಸ್ಸು ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂಬುದನ್ನು ಅಳೆದು ನೋಡಿದವರು ಏನು ಹೇಳುತ್ತಾರೆಂಬುದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದಿಡಬೇಕು. ಈ ಲೇಖನದ ಉದ್ದೇಶ ಅಷ್ಟೇ.

ಜ್ಞಾಪಕಶಕ್ತಿಯನ್ನು ತಕ್ಕಡಿಯಲ್ಲಿಟ್ಟು ತೂಗಿದವರಲ್ಲಿ ಮೊದಲಿಗರು ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು. ಅವರ ಗ್ರಂಥವು ೧೮೮೫ರಲ್ಲಿ ಪ್ರಕಟವಾಯಿತು. ಅವರ ಪ್ರಯೋಗಶಾಲೆಯ ಏರ್ಪಾಡು ವಿಚಿತ್ರವಾದುದು: ಪರೀಕ್ಷಕರೂ ಅವರೇ, ಪರೀಕ್ಷೆಗೆ ಕುಳಿತ ಏಕೈಕ ವಿದ್ಯಾರ್ಥಿಯೂ ಅವರೇ. ಅರ್ಥವಿಲ್ಲದ ಸುಮಾರು ೨೩೦೦ ತುಂಡುಶಬ್ದಗಳನ್ನು ಅವರು ರಚಿಸಿಕೊಂಡರು. ನಮ್ಮ ಲಿಪಿಯಲ್ಲಿ ಬರೆಯುವುದಾದರೆ 'ದಪ್', 'ಗೂಲ್', 'ಸೆಮ್' ಎಂಬಂಥವು. ಅವುಗಳ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಉರು ಹೊಡೆಯುವುದು, ಕೆಲವು ಕಾಲ ಬಿಟ್ಟು ಅದೇ ಸಾಲನ್ನು ಮತ್ತೆ ಕಲಿಯುವುದು, ಎರಡನೆಯ ಬಾರಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಡುವುದು, ಇದು ಅವರ ಕ್ರಮ. ಇಪ್ಪತ್ತು ನಿಮಿಷ ಕಳೆದಾಗ ಶೇಕಡ ೫೮ರಷ್ಟು, ಒಂದು ಗಂಟೆಯಾದಾಗ ೪೪ರಷ್ಟು, ಒಂದು ದಿನವಾದಾಗ ೩೪ರಷ್ಟು, ತಿಂಗಳೊಂದು ಕಳೆದಾಗ ೨೧ರಷ್ಟು ಶ್ರಮವು ಉಳಿಯಿತಂತೆ. ಮರೆವೆಂಬುದು ದಿನದಿನವೂ ಸಮನಾಗಿ ನಡೆಯುವ ಕೆಲಸವಲ್ಲ. ಕಲಿತ ಮೊದಲ ಗಂಟೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಆಮೇಲೆ ಉಳಿದುದು ನಿಧಾನವಾಗಿ ಸವೆಯುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ದೀಪದ ಕೆಳಗೆ ಕುಳಿತು ಇಡೀ ಪುಸ್ತಕವನ್ನು ತಿರುವಿಹಾಕುವ ವಿದ್ಯಾರ್ಥಿಗಳು ಅದೇ ಗ್ರಂಥದ ಇನ್ನೊಂದು ಲೆಕ್ಕವನ್ನು ಕೇಳಬೇಕು. ಹನ್ನೆರಡು ತುಂಡುಶಬ್ದಗಳ ಒಂದು ಸಾಲನ್ನು ಒಂದೇ ಸಲಕ್ಕೆ ೬೮ ಬಾರಿ ಓದಿದುದರಿಂದ ಎಷ್ಟು ಫಲ ದೊರೆಯಿತೋ, ಮೂರು ದಿನಗಳಲ್ಲಿ ಹಂಚಿ ಓದಿದಾಗ ಅಷ್ಟೇ ಫಲವು ೩೮ ಬಾರಿಯ ಓದಿನಿಂದ ದೊರೆಯಿತು. ಮೂವತ್ತು ಓದುಗಳು ಉಳಿದುವು! ದಿನಕ್ಕಿಷ್ಟು ಮಗ್ಗಿ ಎಂದು ಸಂಜೆ ದೇವರ ದೀಪದ ಮುಂದೆ ಒಪ್ಪಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಗ್ರಂಥದ ಹೆಸರೂ ತಿಳಿದಿರಲಿಲ್ಲ. ಪದ್ಧತಿ ಮಾತ್ರ ಇದಕ್ಕೆ ಒಪ್ಪುವಂಥದೇ ಆಗಿತ್ತು.

ಆದರೆ ನಮ್ಮ ಎರಡನೆಯ ಪ್ರಶ್ನೆಗೆ ಹೆಚ್ಚು ಬೆಳಕು ಕೊಡುವುದು ಅವರ ಮೂರನೆಯ ಫಲಿತಾಂಶ. ಅರ್ಥವಿಲ್ಲದ ಶಬ್ದಗಳ ಜೊತೆಗೆ ಅವರು ಬೈರನ್ ಕವಿಯ 'ಡಾನ್ ಜುವಾನ್' ಕಾವ್ಯದ ಪದ್ಯಗಳನ್ನೂ ಅದೇ ಕ್ರಮದಿಂದ ಕಂಠಪಾಠ ಮಾಡಿ ನೋಡಿದರು. ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ ಬೇಕಾದ ಶ್ರಮದ ಹತ್ತನೆಯ ಒಂದು ಪಾಲಿನಲ್ಲಿ ಪದ್ಯವು ಬಾಯಿಗೆ ಬಂದಿತು. ಅರ್ಥ, ಛಂದಸ್ಸು, ವಾಕ್ಯದ ನಡೆ, ಇವೆಲ್ಲವೂ ಸೇರಿ ಮನಸ್ಸಿಗೆ ಹಿಡಿಕೆಯಾಗಿ ನಿಂತುವು. ಇಲ್ಲಿಂದ ಮುಂದಿನ ಮಾತು ಎಬ್ಬಿಂಗ್‌ಹೌಸರದಲ್ಲ, ನಮ್ಮದು. ಮನೆಯಲ್ಲಿಯೂ ಬೀದಿಯಲ್ಲಿಯೂ ಇಂಗ್ಲಿಷಿನ ಸೋಂಕಿಲ್ಲದ ಆರು ವರ್ಷದ ಮಗುವಿಗೆ ಇಂಗ್ಲಿಷಿನಲ್ಲಿ ಪರಿಸರ ಪಾಠವನ್ನು ಕಲಿಸುವುದೆಂದರೆ, ಪದ್ಯವನ್ನು ತುಂಡುಶಬ್ದಗಳ ಸಾಲಾಗಿ ಮಾರ್ಪಡಿಸಿ ಕೈಗೆ ಕೊಟ್ಟಂತೆಯೇ ಸರಿ. ಮಗುವು ಅದನ್ನು ಒಪ್ಪಿಸಬಲ್ಲದು. ಮಕ್ಕಳ ಶಕ್ತಿ ಅಗಾಧವಾದುದು. ಆದರೆ ಹತ್ತು ಪಾಲು ದುಡಿದು ಒಂದು ಪಾಲು ಪಡೆಯುತ್ತದೆ. ಆ ಒಂದು ಪಾಲಿನಲ್ಲಿಯೂ ಅರ್ಥವು ಎಷ್ಟೆಂಬುದನ್ನು ಯಾರೂ ಕೇಳುವುದಿಲ್ಲ. ಯುನೆಸ್ಕೊ ಸಂಸ್ಥೆಯು ೧೯೫೩ರಲ್ಲಿ ಪ್ರಕಟಿಸಿದ ತಜ್ಞರ ವರದಿಯು, ಮಗುವಿಗೆ ಓದುಬರಹ ಕಲಿಸಲು ಮಾತೃಭಾಷೆಯೇ ಅತ್ಯುತ್ತಮ ಮಾಧ್ಯಮವೆಂದು ಹೇಳಿತು. ನಮ್ಮ ದೇಶದ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಪ್ರಾಂತದ ಭಾಷೆಯೇ ಮಾಧ್ಯಮವಾಗಿರಲೆಂದು ಹೇಳುತ್ತದೆ.

ನಮ್ಮ ಪ್ರಾಂತದಲ್ಲಿ ಮಾತೃಭಾಷೆಯೆಂಬ ಮಾತು ಸರಳವಾದುದಲ್ಲವೆಂಬುದನ್ನು ನಾವು ಬಲ್ಲೆವು. ಒಂದೇ ಬೆಂಚಿನ ಮೇಲೆ ತುಳು, ಕೊಂಕಣಿ, ಮರಾಠಿ, ಮಲೆಯಾಳ, ಬ್ಯಾರಿ ಮತ್ತು ಹವ್ಯಕ ಕನ್ನಡದ ಮನೆಗಳಿಂದ ಬಂದ ಮಕ್ಕಳು ಕುಳಿತಿರುತ್ತಾರೆ. ಆದರೂ ಯಕ್ಷಗಾನದ ಬಯಲಿನಿಂದ, ಭಜನೆಯಿಂದ, ಹಟ್ಟಿಯ ಮಾತಿನಿಂದ, ಪೇಟೆಯ ಅಂಗಡಿಯಿಂದ ಕನ್ನಡವು ಅವರ ಕಿವಿಗೆ ಶಾಲೆಗಿಂತ ಮೊದಲೇ ಬಿದ್ದಿರುತ್ತದೆ. ಅದು ಅವರಿಗೆ 'ದಪ್, ಗೂಲ್' ಅಲ್ಲ.

ಈಗ ಯಂತ್ರದ ಕಥೆಗೆ ಬರೋಣ. ಕಲಿಸುವ ಯಂತ್ರವೆಂಬುದು ನಿನ್ನೆ ಮೊನ್ನೆಯ ವಸ್ತುವೆಂದು ತಿಳಿಯುವುದು ಸರಿಯಲ್ಲ; ಅದಕ್ಕೆ ನೂರು ವರ್ಷಗಳಾದುವು. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಸಿಡ್ನಿ ಪ್ರೆಸ್ಸಿ ೧೯೨೦ರ ದಶಕದ ನಡುವಿನಲ್ಲಿ ಬೆರಳಚ್ಚು ಯಂತ್ರದಂಥ ಒಂದು ಸಾಧನವನ್ನು ಮಾಡಿ ವಿದ್ವಾಂಸರ ಸಭೆಯಲ್ಲಿ ತೋರಿಸಿದರು. ಸಣ್ಣ ಕಿಟಕಿಯಲ್ಲಿ ಒಂದು ಪ್ರಶ್ನೆ ಮತ್ತು ನಾಲ್ಕು ಉತ್ತರಗಳು ಕಾಣಿಸುವುವು. ಕೆಳಗೆ ನಾಲ್ಕು ಗುಂಡಿಗಳು. ಹಿಂದಿನ ಸನ್ನೆಯನ್ನು ಒಂದು ಬಗೆಯಲ್ಲಿ ತಿರುಗಿಸಿಟ್ಟರೆ, ಸರಿಯಾದ ಗುಂಡಿಯನ್ನು ಒತ್ತುವವರೆಗೆ ಪ್ರಶ್ನೆಯು ಕದಲದು. ಇಷ್ಟು ಸರಿ ಉತ್ತರಗಳಾದರೆ ಒಂದು ಮಿಠಾಯಿ ಹೊರಬೀಳುವ ಏರ್ಪಾಡನ್ನೂ ಅವರು ಸೇರಿಸಿದ್ದರು.

ಈ ಮಾರ್ಗವನ್ನು ಮುಂದೆ ಬಹುದೂರ ಕೊಂಡೊಯ್ದವರು ಹಾರ್ವರ್ಡಿನ ಬಿ. ಎಫ್. ಸ್ಕಿನ್ನರ್. ೧೯೫೩ರಲ್ಲಿ ಅವರು ತಮ್ಮ ಮಗಳ ಶಾಲೆಗೆ ಹೋಗಿ ಗಣಿತದ ಪಾಠವೊಂದನ್ನು ನೋಡುತ್ತ ಕುಳಿತರು. ಶಿಕ್ಷಕರು ಲೆಕ್ಕಗಳನ್ನು ಕೊಟ್ಟು ಮೇಜುಗಳ ನಡುವೆ ಸುಳಿದಾಡುತ್ತಿದ್ದರು. ಕೆಲವು ಮಕ್ಕಳು ಬೇಗ ಮುಗಿಸಿ ಸುಮ್ಮನೆ ಕುಳಿತಿದ್ದರು. ಕೆಲವರು ದಾರಿ ಕಾಣದೆ ಚಡಪಡಿಸುತ್ತಿದ್ದರು. ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಆ ಕ್ಷಣದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ತಿದ್ದಿದ ಪುಸ್ತಕವು ಮಾರನೆಯ ದಿನ ಬರಬೇಕು. ಕಲಿಕೆಯ ಎರಡು ಮೂಲ ನಿಯಮಗಳು ಇಲ್ಲಿ ಮುರಿಯುತ್ತಿವೆಯೆಂದು ಸ್ಕಿನ್ನರರಿಗೆ ತೋರಿತು: ಪ್ರತಿಯೊಬ್ಬನೂ ತನ್ನ ವೇಗದಲ್ಲಿ ನಡೆಯಬೇಕು, ಮಾಡಿದುದರ ಫಲವು ಕೂಡಲೆ ತಿಳಿಯಬೇಕು. ಇದನ್ನು ಓದಿದಾಗ ನಾವು ನಮ್ಮ ತರಗತಿಗಳನ್ನು ನೆನೆದುಕೊಳ್ಳದಿರುವುದು ಕಷ್ಟ. ನಲವತ್ತು ಪುಸ್ತಕಗಳನ್ನು ತಿದ್ದುವ ಶಿಕ್ಷಕನಿಗೆ ಎರಡೇ ಕೈಗಳು.

ಸ್ಕಿನ್ನರರು ಮಾಡಿದ ಯಂತ್ರದಲ್ಲಿ ಪ್ರೆಸ್ಸಿಯವರ ಯಂತ್ರಕ್ಕಿಲ್ಲದ ಒಂದು ಗುಣವಿದ್ದಿತು. ನಮ್ಮ ವಿಷಯದ ತಿರುಳು ಇರುವುದು ಅಲ್ಲಿಯೇ. ನಾಲ್ಕರಲ್ಲಿ ಒಂದನ್ನು ಆರಿಸುವುದಲ್ಲ, ಮಗುವು ಉತ್ತರವನ್ನು ತಾನೇ ಕಾಗದದ ಪಟ್ಟಿಯ ಮೇಲೆ ಬರೆಯಬೇಕು. ಬರೆದಾದ ಮೇಲೆ ಸನ್ನೆಯನ್ನೆತ್ತಿದರೆ ಆ ಬರಹವು ಗಾಜಿನ ಕೆಳಗೆ ಸರಿಯುತ್ತದೆ, ಇನ್ನು ತಿದ್ದುವಂತಿಲ್ಲ. ಆಗ ಪಕ್ಕದಲ್ಲಿ ಸರಿಯಾದ ಉತ್ತರವು ಕಾಣಿಸಿಕೊಳ್ಳುತ್ತದೆ. ಮೊದಲು ಮಗುವಿನ ಉತ್ತರ, ಆಮೇಲೆ ಯಂತ್ರದ್ದು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಇಂದಿನ ಯಂತ್ರದಲ್ಲಿ ತಲೆಕೆಳಗಾಗಿರುವುದು ಇದೇ. ಪದ್ಯವನ್ನು ಕಲಿಸಲು ಅವರು ಇನ್ನೊಂದು ಚೆಂದದ ಉಪಾಯವನ್ನೂ ಹೇಳಿದರು. ಮೊದಲು ಪೂರ್ತಿ ಪದ್ಯವನ್ನು ತೋರಿಸಿ ಓದಿಸುವುದು, ಮುಂದಿನ ಬಾರಿ ಕೆಲವು ಅಕ್ಷರಗಳನ್ನು ಅಳಿಸಿಬಿಡುವುದು, ಹೀಗೆ ಅಳಿಸುತ್ತ ಹೋಗಿ ಕೊನೆಗೆ ಏನೂ ಕಾಣದಿದ್ದರೂ ಮಗುವು ಪದ್ಯವನ್ನು ಹೇಳುವಂತೆ ಮಾಡುವುದು. ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಒಂದು ಕರಿಹಲಗೆ, ಸುಣ್ಣದ ಕಡ್ಡಿ, ಒರಸುವ ಬಟ್ಟೆ, ಇವಿದ್ದರೆ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಅರ್ಧ ಗಂಟೆಯಲ್ಲಿ ಹೀಗೆ ಕಲಿಸಬಹುದು.

ಸ್ಕಿನ್ನರರ ಸಿದ್ಧಾಂತವನ್ನೆಲ್ಲ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಭಾಷೆಯನ್ನೂ ಮಕ್ಕಳು ಇದೇ ರೀತಿ, ಬಹುಮಾನದ ಬಲದಿಂದಲೇ ಕಲಿಯುತ್ತಾರೆಂಬ ಅವರ ವಾದವನ್ನು ನೋಮ್ ಚಾಮ್‌ಸ್ಕಿಯವರು ೧೯೫೯ರಲ್ಲಿ ಕಟುವಾಗಿ ವಿಮರ್ಶಿಸಿದರು. ಮಗುವು ತಾನು ಎಂದೂ ಕೇಳಿರದ ವಾಕ್ಯಗಳನ್ನು ಆಡುತ್ತದೆ. ಕೇಳಿದುದನ್ನು ತಿರುಗಿಸಿ ಹೇಳುವುದಷ್ಟೇ ಭಾಷೆಯಲ್ಲ. ಭಾಷೆಯ ಮೊದಲ ಪಾಠಕ್ಕೆ ಎದುರಿಗೆ ಮನುಷ್ಯನೇ ಬೇಕೆಂಬುದಕ್ಕೆ ೨೦೦೩ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವು ಸಾಕ್ಷಿಯಾಗಿದೆ. ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತ ವ್ಯಕ್ತಿಯೊಬ್ಬರು ಆಡಿ ನಲಿಸುತ್ತ ಮಾತನಾಡಿದಾಗ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ, ಅಥವಾ ಧ್ವನಿಯನ್ನಷ್ಟೇ ಕೇಳಿಸಿದಾಗ, ಏನನ್ನೂ ಕಲಿಯಲಿಲ್ಲ. ಅಳುವ ಕೂಸಿನ ಕೈಗೆ ಮೊಬೈಲು ಕೊಟ್ಟು 'ಇಂಗ್ಲಿಷ್ ಬರುತ್ತದೆ' ಎಂದು ಸಮಾಧಾನ ಪಡುವ ತಾಯಂದಿರೂ ತಂದೆಯರೂ ಇದನ್ನು ಕೇಳಬೇಕು.

ಆಮೇಲಿನ ಇತಿಹಾಸವನ್ನು ಚುಟುಕಾಗಿ ಹೇಳುವೆವು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ೧೯೬೦ರಲ್ಲಿ 'ಪ್ಲೇಟೊ' ಎಂಬ ಹೆಸರಿನ ಏರ್ಪಾಡನ್ನು ಆರಂಭಿಸಿ, ಗಣಕಯಂತ್ರದಿಂದ ಪಾಠ ಹೇಳಿಸಿದರು. ೧೯೭೨ರ ಹೊತ್ತಿಗೆ ಅದರ ಪರದೆಯನ್ನು ಬೆರಳಿನಿಂದ ಮುಟ್ಟಿ ಉತ್ತರ ಕೊಡುವುದು ಸಾಧ್ಯವಾಗಿತ್ತು. ಸ್ಟಾನ್‌ಫರ್ಡಿನ ಪ್ಯಾಟ್ರಿಕ್ ಸಪ್ಪೀಸ್ ೧೯೬೬ರಲ್ಲಿಯೇ, ಅಲೆಕ್ಸಾಂಡರನಿಗೆ ಅರಿಸ್ಟಾಟಲನು ದೊರೆತಂತೆ ಲಕ್ಷಾಂತರ ಮಕ್ಕಳಿಗೆ ಒಬ್ಬೊಬ್ಬ ಗುರುವು ಯಂತ್ರರೂಪದಲ್ಲಿ ದೊರೆಯುವ ಕಾಲ ಹತ್ತಿರದಲ್ಲಿದೆಯೆಂದು ಬರೆದರು. ಆರು ದಶಕಗಳು ಕಳೆದುವು. ಯಂತ್ರವು ದೊರೆಯಿತು; ಗುರುವು ದೊರೆತನೆ?

ಯಂತ್ರವನ್ನು ಹಂಚಿದ ಮಾತ್ರಕ್ಕೆ ದೊರೆಯುವುದಿಲ್ಲವೆಂಬುದಕ್ಕೆ ದಕ್ಷಿಣ ಅಮೆರಿಕದ ಪೆರು ದೇಶವು ನಿದರ್ಶನ. ಅಲ್ಲಿ ಮಕ್ಕಳಿಗೆ ೮ ಲಕ್ಷಕ್ಕೂ ಹೆಚ್ಚು ಸಣ್ಣ ಗಣಕಯಂತ್ರಗಳನ್ನು ಹಂಚಲಾಯಿತು. ೩೧೯ ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಹೊರಬಂದ ವರದಿಯ ಪ್ರಕಾರ, ಹದಿನೈದು ತಿಂಗಳ ಬಳಿಕ ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಆ ಮಕ್ಕಳು ಮುಂದುವರಿದುದು ಕಂಡುಬರಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವು ನಮ್ಮ ದೆಹಲಿಯಲ್ಲಿಯೇ ಇದೆ. ಶಾಲೆ ಬಿಟ್ಟ ಬಳಿಕ ನಡೆಯುವ ಕೇಂದ್ರಗಳಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ಗಣಕ ಪಾಠವನ್ನೂ, ಅದರ ಜೊತೆಗೆ ಸಹಾಯಕ ಶಿಕ್ಷಕರ ನೆರವನ್ನೂ ಪಡೆದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಹೋದ್ಯೋಗಿಗಳು ೨೦೧೯ರಲ್ಲಿ ಪ್ರಕಟಿಸಿದರು. ಅಲ್ಲಿನ ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿದ್ದರು. ಆ ಪಾಠವು ಮೊದಲು ಮಗು ನಿಂತಿರುವ ಮೆಟ್ಟಲನ್ನು ಕಂಡುಕೊಂಡು, ಅಲ್ಲಿಂದ ಪ್ರಶ್ನೆ ಕೇಳತೊಡಗುತ್ತಿತ್ತು. ಪೆರುವಿನ ಯಂತ್ರಗಳು ಕೈಗೆ ಬಂದುವು. ದೆಹಲಿಯ ಯಂತ್ರವು ಉತ್ತರವನ್ನು ಕೇಳಿತು. ಭೇದವಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ. ಸಾಂಕ್ರಾಮಿಕದ ಕಾಲದಲ್ಲಿ, ೨೦೨೦ರ ಜೂನ್ ೧ರಿಂದ, ನಮ್ಮ ರಾಜ್ಯದ ವಿಕ್ಟರ್ಸ್ ವಾಹಿನಿಯ ಪಾಠಗಳು ಆರಂಭವಾದುವು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದುವು. ಅದಕ್ಕಾಗಿ ದುಡಿದ ಶಿಕ್ಷಕರ ಶ್ರಮವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ವಾಹಿನಿಯು ಮಾತನಾಡಬಲ್ಲುದೇ ಹೊರತು ಮಗುವಿನ ಉತ್ತರವನ್ನು ಕೇಳಲಾರದು.

ಉತ್ತರಿಸುವುದು ಕಲಿತುದನ್ನು ಅಳೆಯುವ ಸಾಧನ ಮಾತ್ರವಲ್ಲ, ಅದೇ ಕಲಿಕೆ. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಅಮೆರಿಕದ ವಿದ್ಯಾರ್ಥಿಗಳಿಗೆ ಗದ್ಯದ ತುಣುಕುಗಳನ್ನು ಕೊಟ್ಟರು. ಒಂದು ತುಣುಕನ್ನು ಎರಡು ಬಾರಿ ಓದುವುದು. ಇನ್ನೊಂದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಲ್ಲಿದ್ದುದನ್ನು ಬರೆಯುವುದು. ಐದು ನಿಮಿಷಗಳ ಬಳಿಕ ಕೇಳಿದಾಗ ಎರಡು ಬಾರಿ ಓದಿದುದೇ ಮೇಲಾಗಿತ್ತು, ಶೇಕಡ ೮೧, ಬರೆದುದು ೭೫. ಒಂದು ವಾರದ ಬಳಿಕ ತಕ್ಕಡಿಯು ತಿರುಗಿತು. ಎರಡು ಬಾರಿ ಓದಿದುದರಲ್ಲಿ ೪೨ ಉಳಿದಿತ್ತು, ಪುಸ್ತಕ ಮುಚ್ಚಿ ಬರೆದುದರಲ್ಲಿ ೫೬. ಮತ್ತೆ ಮತ್ತೆ ಓದುವಾಗ ಎಲ್ಲವೂ ಪರಿಚಿತವೆಂದು ತೋರುತ್ತದೆ; ಪರಿಚಯವನ್ನೇ ತಿಳಿವೆಂದು ಭ್ರಮಿಸುವುದು ಸುಲಭ.

ಈಗ ನಮ್ಮ ಮನೆಗಳಿಗೆ ಬಂದಿರುವ ಮಾತನಾಡುವ ಯಂತ್ರವನ್ನು ನೋಡೋಣ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರಿಗೆ ದೊರೆತಂದಿನಿಂದ ಇಂಥವು ಅನೇಕವಾಗಿವೆ. ಅಪಾರವಾದ ಬರಹವನ್ನು ಅದಕ್ಕೆ ಉಣಿಸಿ, ಒಂದು ಪದದ ಮುಂದೆ ಯಾವ ಪದವು ಬರುವುದು ಸಂಭವವೆಂಬುದನ್ನು ಊಹಿಸುವಂತೆ ಪಳಗಿಸಿರುತ್ತಾರೆ. ಆ ಊಹೆಯ ಬಲದಿಂದ ಅದು ಪ್ರಬಂಧ ಬರೆಯುತ್ತದೆ, ಲೆಕ್ಕ ಬಿಡಿಸುತ್ತದೆ. ಕೆಲವೊಮ್ಮೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಇದನ್ನು ಮಕ್ಕಳ ಕೈಗೆ ಕೊಟ್ಟರೆ ಏನಾಗುತ್ತದೆಂಬುದನ್ನು ೨೦೨೩ರಲ್ಲಿ ತುರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಫಲಿತಾಂಶವು ೨೦೨೫ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷಯ ಗಣಿತ. ಒಂದು ಗುಂಪಿಗೆ ಪುಸ್ತಕ ಮಾತ್ರ. ಎರಡನೆಯ ಗುಂಪಿಗೆ ಕೇಳಿದ ಕೂಡಲೆ ಉತ್ತರ ಕೊಡುವ ಯಂತ್ರ. ಮೂರನೆಯದಕ್ಕೆ, ಶಿಕ್ಷಕರ ಸಲಹೆಯಂತೆ ಉತ್ತರವನ್ನು ಹೇಳದೆ ಸುಳಿವನ್ನು ಮಾತ್ರ ಕೊಡುವಂತೆ ಮಾಡಿದ ಯಂತ್ರ. ಅಭ್ಯಾಸದ ಲೆಕ್ಕಗಳಲ್ಲಿ ಎರಡನೆಯ ಗುಂಪಿನವರು ಪುಸ್ತಕದವರಿಗಿಂತ ಶೇಕಡ ೪೮ರಷ್ಟು ಮೇಲು. ಮೂರನೆಯವರು ೧೨೭ರಷ್ಟು ಮೇಲು. ಪೋಷಕರು ಇಷ್ಟನ್ನೇ ನೋಡಿದ್ದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆಮೇಲೆ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಮಾಡಿದರು. ಕೇಳಿದ ಕೂಡಲೆ ಉತ್ತರ ಪಡೆದವರು, ಯಂತ್ರವನ್ನು ಮುಟ್ಟಿಯೂ ನೋಡದವರಿಗಿಂತ ಶೇಕಡ ೧೭ರಷ್ಟು ಕೆಳಗೆ ಬಿದ್ದರು. ಸುಳಿವು ಪಡೆದವರಿಗೆ ಆ ನಷ್ಟವು ಬಹುಮಟ್ಟಿಗೆ ತಪ್ಪಿತು. ಆದರೆ ಪುಸ್ತಕದವರಿಗಿಂತ ಹೆಚ್ಚಿನ ಲಾಭವೂ ಕಾಣಲಿಲ್ಲ. ಕೆಳಗೆ ಬಿದ್ದವರಿಗೆ ತಾವು ಕಡಮೆ ಕಲಿತೆವೆಂಬ ಅರಿವೇ ಇರಲಿಲ್ಲವೆಂಬುದು ಇನ್ನೂ ಚಿಂತಿಸಬೇಕಾದ ವಿಷಯ.

ಸ್ಕಿನ್ನರರ ಗಾಜನ್ನು ವಾಚಕರು ಮರೆತಿರಲಾರರು. ಅಲ್ಲಿ ಮಗುವು ಬರೆದ ಬಳಿಕವೇ ಉತ್ತರವು ತೆರೆಯುತ್ತಿತ್ತು. ಇಂದಿನ ಯಂತ್ರಕ್ಕೆ ಆ ಗಾಜಿಲ್ಲ. ಅದನ್ನು ನಾವೇ ಇಡಬೇಕು.

ಇನ್ನು ಕನ್ನಡದ ಮಾತು. ಇಂಗ್ಲಿಷಿನ ಮಗುವು ಗುರುತಿಸಬೇಕಾದ ಅಕ್ಷರಗಳು ೨೬. ದೊಡ್ಡದು ಸಣ್ಣದೆಂದರೂ ೫೨. ಕನ್ನಡದ ಮಗುವು ಕಾಗುಣಿತವನ್ನು ಸೇರಿಸಿ ನಾನೂರಕ್ಕೂ ಹೆಚ್ಚು ರೂಪಗಳನ್ನು ಗುರುತಿಸಬೇಕು, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞೆ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಈ ಅಕ್ಷರಜ್ಞಾನವು ಒಂದನೆಯ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ. ಅದು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಿರುತ್ತದೆ. ನೆರೆಮನೆಯ ಮಗು ಇಂಗ್ಲಿಷ್ ವರ್ಣಮಾಲೆಯನ್ನು ಪಟಪಟನೆ ಹೇಳುತ್ತಿದೆ, ನಮ್ಮದು ಇನ್ನೂ 'ಷ್ಟ'ದಲ್ಲಿ ತಡವರಿಸುತ್ತಿದೆ ಎಂದು ಎರಡನೆಯ ತರಗತಿಯಲ್ಲಿಯೇ ನಿರಾಶರಾಗಿ ವರ್ಗಾವಣೆ ಪತ್ರವನ್ನು ಕೇಳುವ ಪೋಷಕರಿದ್ದಾರೆ. ಅವರು ಹೋಲಿಸುತ್ತಿರುವುದು ಇಪ್ಪತ್ತಾರನ್ನು ನಾನೂರರೊಂದಿಗೆ. ಕನ್ನಡದಲ್ಲಿ ಅಕ್ಷರ ಬಂದ ಮೇಲೆ ಓದು ಬಂದಂತೆಯೇ. ಇಂಗ್ಲಿಷಿನಲ್ಲಿ ಅಕ್ಷರ ಬಂದ ಮೇಲೆ ಕಾಗುಣಿತದ ಕಾಡು ಎದುರಾಗುತ್ತದೆ. ಯೂರೋಪಿನ ಭಾಷೆಗಳನ್ನು ಹೋಲಿಸಿ ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇತರ ಹೆಚ್ಚಿನ ಭಾಷೆಗಳ ಮಕ್ಕಳು ಮೊದಲ ವರ್ಷದಲ್ಲಿ ಪಡೆದ ಓದಿನ ಬುನಾದಿಗೆ ಇಂಗ್ಲಿಷ್ ಮಕ್ಕಳಿಗೆ ಎರಡು ವರ್ಷಕ್ಕೂ ಮೇಲೆ ಬೇಕಾಯಿತು.

ಯಂತ್ರಕ್ಕೆ ಕನ್ನಡ ಸರಿಯಾಗಿ ಬಾರದೆಂಬ ದೂರು ಭಾಗಶಃ ನಿಜ. ಆದರೆ ಅದು ಕನ್ನಡದ ದೋಷವಲ್ಲ. ೧೯೯೧ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳು ಮೀಸಲಾದುವು. ಇಂದು ಯಾವ ದೇಶದ ಯಂತ್ರದಲ್ಲಿಯೂ ಕನ್ನಡ ಮೂಡುವುದು ಅದರ ಫಲ. ಕನ್ನಡವನ್ನು ಧ್ವನಿಗೆ ತಕ್ಕಂತೆ ಸುಲಭವಾಗಿ ಬೆರಳಚ್ಚಿಸುವ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾಯರು ನಮ್ಮ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರು. ಹೀಗೆ ದಾರಿಯು ಸಿದ್ಧವಾಗಿದೆ, ನಡೆಯುವವರು ಕಡಮೆ. ೨೦೧೧ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ೪ ಕೋಟಿ ೩೭ ಲಕ್ಷ. ಆದರೆ ಇಂಗ್ಲಿಷ್ ವಿಕಿಪೀಡಿಯ ವಿಶ್ವಕೋಶದಲ್ಲಿ ೭೦ ಲಕ್ಷ ಲೇಖನಗಳಿದ್ದರೆ, ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಅದರ ನೂರರಲ್ಲೊಂದು ಪಾಲೂ ಇಲ್ಲ. ತುಳುವಿನ ವಿಶ್ವಕೋಶವೂ ೨೦೧೬ರಿಂದ ಇದೆ. ಯಂತ್ರವು ಉಣ್ಣುವುದು ನಾವು ಬರೆದಿಟ್ಟುದನ್ನು. ಬರೆಯದಿದ್ದರೆ ಅದು ಹಸಿದಿರುತ್ತದೆ, ಇಲ್ಲವೆ ಇಂಗ್ಲಿಷನ್ನು ಅನುವಾದಿಸಿ ಬಡಿಸುತ್ತದೆ. ಅದರ ಕನ್ನಡವನ್ನು ಓದುವಾಗ ಕ್ರಿಯಾಪದವು ಕರ್ತೃವಿಗೆ ಒಪ್ಪಿದೆಯೇ, ಗಣಿತದ ಪಾರಿಭಾಷಿಕ ಶಬ್ದವು ನಮ್ಮ ಪಠ್ಯಪುಸ್ತಕದ್ದೇ, ನಾವು ಆಡುವ ಮಾತು ಹೀಗಿದೆಯೇ ಎಂದು ನೋಡುವುದು ಎಂಟನೆಯ ತರಗತಿಯ ವಿದ್ಯಾರ್ಥಿಗೆ ಒಳ್ಳೆಯ ವ್ಯಾಕರಣ ಪಾಠವೂ ಹೌದು. ಯಂತ್ರದ ತಪ್ಪನ್ನು ಹಿಡಿಯುವುದರಲ್ಲಿ ಮಕ್ಕಳಿಗಿರುವ ಉತ್ಸಾಹವು ತಮ್ಮ ತಪ್ಪನ್ನು ಹಿಡಿಯುವುದರಲ್ಲಿ ಇಲ್ಲವೆಂಬುದನ್ನು ಯಾವ ಶಿಕ್ಷಕನೂ ಬಲ್ಲನು.

ಇಂಗ್ಲಿಷ್ ಬೇಡವೆಂದು ನಮ್ಮ ವಾದವಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ತಿಳಿದ ವಿಚಾರವು ಇನ್ನೊಂದು ಭಾಷೆಗೆ ದಾಟಿ ಬರುತ್ತದೆಂದು ಕೆನಡದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ೧೯೭೯ರಲ್ಲಿ ವಾದಿಸಿದರು. ಭಿನ್ನರಾಶಿಯೆಂದರೇನೆಂದು ಕನ್ನಡದಲ್ಲಿ ತಿಳಿದವನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಒಂದು ನಿಮಿಷ ಸಾಕು. ಹೆಸರನ್ನು ಮಾತ್ರ ಕಲಿತವನು ಭಿನ್ನರಾಶಿಯನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಹೊಣೆಯಿಂದ ಕನ್ನಡ ಶಾಲೆಯು ತಪ್ಪಿಸಿಕೊಳ್ಳುವಂತಿಲ್ಲ. ಉಚ್ಚಾರಣೆಯನ್ನು ಕೇಳಿಸುವುದರಲ್ಲಿಯೂ, ಶಬ್ದಗಳನ್ನು ದಿನ ಬಿಟ್ಟು ದಿನ ಮತ್ತೆ ಕೇಳುವುದರಲ್ಲಿಯೂ ಯಂತ್ರವು ಬೇಸರಿಸದ ಸಹಾಯಕನಾಗಬಲ್ಲುದು.

ಬರುವ ಜೂನಿನಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ವಿದ್ಯಾರ್ಥಿಗಳು ಇದಕ್ಕಾಗಿಯೇ ಒಂದು ಇನ್ನೂರು ಪುಟದ ಪುಸ್ತಕವನ್ನು ಇಟ್ಟುಕೊಳ್ಳತಕ್ಕದ್ದು. ಯಂತ್ರವನ್ನು ಏನನ್ನಾದರೂ ಕೇಳುವ ಮೊದಲು ಪ್ರಶ್ನೆಯನ್ನೂ ತಮಗೆ ತೋರಿದ ಉತ್ತರವನ್ನೂ ಎಡಪುಟದಲ್ಲಿ ಶಾಯಿಯಿಂದ ಬರೆಯಬೇಕು. ತಪ್ಪಾದರೂ ಚಿಂತೆಯಿಲ್ಲ, ಅಳಿಸಬಾರದು. ಆಮೇಲೆ ಯಂತ್ರವನ್ನು ಕೇಳಿ, ಸಾಧ್ಯವಾದಷ್ಟೂ ಉತ್ತರವನ್ನಲ್ಲ ಸುಳಿವನ್ನು ಕೇಳಿ, ಅದು ಹೇಳಿದುದರ ಸಾರವನ್ನು ಪರದೆಯನ್ನು ಮುಚ್ಚಿ ಸ್ವಂತ ಕನ್ನಡದಲ್ಲಿ ಬಲಪುಟದಲ್ಲಿ ಬರೆಯಬೇಕು. ಮೂರು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಪುಸ್ತಕ ನೋಡದೆ ಮತ್ತೊಮ್ಮೆ ಬಿಡ�ಿಸಿ ಕೆಳಗೆ ದಿನಾಂಕ ಹಾಕಬೇಕು. ಶುಕ್ರವಾರ ಕೊನೆಯ ಅವಧಿಯಲ್ಲಿ ವರ್ಗಶಿಕ್ಷಕರು ಪುಸ್ತಕಗಳನ್ನು ನೋಡುವರು. ಪೋಷಕರಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ, ಗಣಿತವನ್ನು ಮರೆತವರೂ ಇದ್ದಾರೆ. ಉತ್ತರವು ಸರಿಯೇ ತಪ್ಪೇ ಎಂದು ಅವರು ಪರೀಕ್ಷಿಸಬೇಕಾಗಿಲ್ಲ. ರಾತ್ರಿ ಊಟಕ್ಕೆ ಮೊದಲು ಪುಸ್ತಕವನ್ನು ತೆರೆದು, ಎಡಪುಟವು ತುಂಬಿದೆಯೇ ಎಂದು ನೋಡಿ, ಕೆಳಗೆ ಒಂದು ಸಹಿ ಹಾಕಿದರೆ ಸಾಕು.